ಮಳೆಗಾಲದ ಮಬ್ಬಿನಲ್ಲಿ ಕುಂಡದ ಗಿಡಕ್ಕೊಂದು ದೀಪ

ಗೋವೆಯಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ೩,೦೦೦ ಮಿಲಿಮೀಟರ್ ಮಳೆ ಸುರಿಯುತ್ತದೆ. ವಿಜಯಪುರ, ಬಾಗಲಕೋಟೆಗಳ ಬಯಲಿನಿಂದ ಬಂದು ವಾಸ್ಕೋ, ಝುವಾರಿನಗರಗಳ ಒಂದೆರಡು ಕೋಣೆಗಳಲ್ಲಿ ಸಂಸಾರ ಹೂಡಿರುವ ನಮ್ಮವರಿಗೆ ಮಳೆಗಿಂತಲೂ ಅದರೊಡನೆ ಬರುವ ಮಬ್ಬು ಒಗ್ಗುವುದು ಕಷ್ಟ. ಅಂಗಳವಿಲ್ಲದ ಮನೆಯಲ್ಲಿ ಊರಿನಿಂದ ತಂದ ತುಳಸಿಯೂ ಮಗುವಿನ ಕೆಮ್ಮಿಗೆಂದು ಬೆಳೆಸಿದ ದೊಡ್ಡಪತ್ರೆಯೂ ಕೋಣೆಯೊಳಗೆ ಸೇರುತ್ತವೆ. ಶ್ರಾವಣ ಕಳೆಯುವುದರೊಳಗೆ ಎಲೆಗಳು ಹಳದಿಯಾಗಿ, ಕಾಂಡ ಸಣಕಲಾಗಿ, ಕಾರ್ತಿಕದ ತುಳಸಿ ಲಗ್ನಕ್ಕೆ ಕುಂಡ ಮಾತ್ರ ಉಳಿಯುತ್ತದೆ. ಗಾಳಿಗೆ ಮರ ತಂತಿಯ ಮೇಲೆ ಬಿದ್ದು ವಿದ್ಯುತ್ತು ಹೋದರೆ ದೀಪದ ಆಸರೆಯೂ ಇಲ್ಲ. ಬ್ಯಾಟರಿಯಿಂದ ಕಡಿಮೆ ಖರ್ಚಿನಲ್ಲಿ ಏನಾದರೂ ಸಾಧ್ಯವೇ ಎಂದು ಸೋದರಿಯರು ಕೇಳುತ್ತಿರುತ್ತಾರೆ.

ಸಾಧ್ಯವಿದೆ. ಆದರೆ ಬ್ಯಾಟರಿ ಕೊಳ್ಳುವ ಮೊದಲು ದೀಪವನ್ನು ಕೆಳಗಿಳಿಸಿರಿ. ಬಿರುಬಿಸಿಲಿನ ಬೆಳಕು ಸುಮಾರು ೧,೦೦,೦೦೦ ಲಕ್ಸ್. ಮೋಡ ಕವಿದ ದಿನ ಕೋಣೆಯ ಮೂಲೆಯಲ್ಲಿ ನೂರು ಲಕ್ಸ್ ದೊರೆತರೆ ಹೆಚ್ಚು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ, ಎಲೆಗೆ ತಿಳಿಯುತ್ತದೆ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುವುದೆಂಬುದು ಶಾಲೆಯ ಪಾಠವೇ ತಾನೆ? ಗಿಡದಿಂದ ೨ ಮೀಟರ್ ಮೇಲಿರುವ ಬಲ್ಬನ್ನು ೨೫ ಸೆಂಟಿಮೀಟರಿಗೆ ತಂದರೆ ಅದೇ ಬಲ್ಬು ಸುಮಾರು ೬೪ ಪಟ್ಟು ಬೆಳಕು ಕೊಡುತ್ತದೆ. ೯ ವ್ಯಾಟಿನ ಸಾಮಾನ್ಯ ಬಿಳಿ ಎಲ್‌ಇಡಿ ಬಲ್ಬು ದೊಡ್ಡಪತ್ರೆಗೂ ವೀಳ್ಯದ ಬಳ್ಳಿಗೂ ಸಾಕು. ತುಳಸಿ ಬಿಸಿಲಿನ ಗಿಡವಾದ್ದರಿಂದ ಕಿಟಕಿಯ ಬಳಿಯಿಟ್ಟು ಇಂಥವು ಎರಡನ್ನು ತೂಗುಹಾಕಬೇಕು. ಕೆನ್ನೇರಳೆ ಬಣ್ಣದ ದುಬಾರಿ ದೀಪವೇ ಬೇಕೆಂಬುದು ಅಂಗಡಿಯವರ ಮಾತು.

ಇನ್ನು ಬ್ಯಾಟರಿ. ಸಂಜೆ ಎರಡು ಗಂಟೆ ವಿದ್ಯುತ್ತು ಹೋದರೆ ಗಿಡಕ್ಕೆ ಏನೂ ಆಗದು. ಅದು ಇರುಳನ್ನು ಬಲ್ಲ ಜೀವಿ. ಆ ಹೊತ್ತಿನಲ್ಲಿ ಬೆಳಕು ಬೇಕಾದದ್ದು ಓದುವ ಮಗುವಿಗೆ. ಆದಕಾರಣ ಇಬ್ಬರಿಗೂ ಒದಗುವಂತಹ ದೀಪವನ್ನೇ ಮಾಡಿಕೊಳ್ಳುವುದು ಜಾಣತನ. ಎಲ್ಲಕ್ಕಿಂತ ಅಗ್ಗವಾದದ್ದು, ಒಳಗೇ ಪುಟ್ಟ ಬ್ಯಾಟರಿಯುಳ್ಳ ಇನ್ವರ್ಟರ್ ಬಲ್ಬು. ಮಾಮೂಲು ಹೋಲ್ಡರಿಗೆ ಸಿಕ್ಕಿಸಿದರೆ ವಿದ್ಯುತ್ತು ಹೋದಾಗ ಮೂರು-ನಾಲ್ಕು ಗಂಟೆ, ತುಸು ಮಂಕಾಗಿ, ಉರಿಯುತ್ತದೆ.

ಹೆಚ್ಚು ಹೊತ್ತು ಬೇಕಾದವರಿಗೆ ೧೨ ವೋಲ್ಟ್, ೭ ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ ಇದೆ. ಕಂಪ್ಯೂಟರಿನ ಯುಪಿಎಸ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದೂ ಇದೇ, ಬೆಲೆ ಸಾವಿರ ರೂಪಾಯಿಯ ಆಸುಪಾಸು. ೧೨ನ್ನು ೭ರಿಂದ ಗುಣಿಸಿದರೆ ೮೪ ವ್ಯಾಟ್-ಗಂಟೆ. ಅರ್ಧಕ್ಕಿಂತ ಹೆಚ್ಚು ಬಸಿದರೆ ಸೀಸದ ಬ್ಯಾಟರಿಯ ಆಯುಸ್ಸು ಕುಗ್ಗುವುದರಿಂದ ನಮ್ಮ ಪಾಲಿಗೆ ೪೨ ಎಂದು ತಿಳಿಯಿರಿ. ೧೨ ವೋಲ್ಟಿನದೇ ೧೦ ವ್ಯಾಟ್ ಎಲ್‌ಇಡಿ ನಾಲ್ಕು ಗಂಟೆ, ೫ ವ್ಯಾಟಿನದು ಎಂಟು ಗಂಟೆ ಉರಿಯುತ್ತದೆ. ನಡುವೆ ಇನ್ವರ್ಟರ್ ಬೇಡ, ಅದು ತಾನೂ ಒಂದು ಪಾಲು ತಿನ್ನುತ್ತದೆ. ನೀರು ಚೆಲ್ಲುವ ಕುಂಡದ ಬಳಿ ೧೨ ವೋಲ್ಟು ಮೈಗೆ ಹೊಡೆಯದೆಂಬ ನೆಮ್ಮದಿಯೂ ಉಂಟು; ಆದರೂ ತಂತಿಗಳು ಒಂದಕ್ಕೊಂದು ತಗುಲಿದರೆ ಬೆಂಕಿಯಾಗುತ್ತದೆ, ಧನಧ್ರುವದ ಪಕ್ಕದಲ್ಲಿಯೇ ೨ ಆಂಪಿಯರ್ ಫ್ಯೂಸ್ ಹಾಕಿಸಲೇಬೇಕು. ತುಂಬಿದೊಡನೆ ತಾನೇ ನಿಲ್ಲುವ ಚಾರ್ಜರನ್ನೇ ಕೊಳ್ಳಿರಿ. ಸ್ಕೂಟರಿನ ಹಳೆಯ ಬ್ಯಾಟರಿ ಮನೆಯಲ್ಲಿದೆಯಲ್ಲಾ ಎನ್ನುವವರುಂಟು. ಅದು ಗಾಡಿಯನ್ನು ಒಮ್ಮೆಲೇ ಎಬ್ಬಿಸಲು ಮಾಡಿದ್ದು, ಗಂಟೆಗಟ್ಟಲೆ ಬಸಿಯಲಿಕ್ಕಲ್ಲ.

ಬೆಳಕು ಅತಿಯಾಗಲೂ ಬಾರದು. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆ ಸಾಕು, ರಾತ್ರಿ ಆರಿಸಲೇಬೇಕು. ಹಗಲಿರುಳಿನ ಉದ್ದವೇ ಹೂ ಬಿಡುವ ಕಾಲವನ್ನು ನಿರ್ಧರಿಸುವುದೆಂದು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ೧೯೨೦ರಲ್ಲಿ ಪ್ರಕಟಿಸಿದರು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆಯ ಹೊಲಗಳಲ್ಲಿ ರಾತ್ರಿಯಿಡೀ ಸಾಲು ಬಲ್ಬುಗಳು ಬೆಳಗುವುದು ಇದೇ ಕಾರಣಕ್ಕೆ: ಬೆಳಕಿರುವಷ್ಟು ದಿನ ಗಿಡ ಮೊಗ್ಗು ಬಿಡದೆ ಬೆಳೆಯುತ್ತದೆ, ರೈತನು ಹಬ್ಬದ ಪೇಟೆಯನ್ನು ನೋಡಿ ದೀಪ ಆರಿಸುತ್ತಾನೆ. ಮನೆಯ ಸೇವಂತಿಗೆಯನ್ನು ಮಕ್ಕಳು ಓದುವ ದೀಪದಡಿ ಇಟ್ಟು, ಹೂವೇಕಿಲ್ಲ ಎಂದು ಚಿಂತಿಸುವವರು ಇದನ್ನು ಗಮನಿಸಬೇಕು.

ಮಬ್ಬಿನಲ್ಲಿ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಮಳೆಗಾಲದ ತುಳಸಿಯನ್ನು ಕತ್ತಲೆಯಷ್ಟೇ ನಿತ್ಯ ಸುರಿಯುವ ತಂಬಿಗೆ ನೀರೂ ಕೊಲ್ಲುತ್ತದೆ. ಪೂಜೆಗೆ ಉದ್ಧರಣೆಯಷ್ಟು ಸಾಕು, ಉಳಿದದ್ದನ್ನು ಮಣ್ಣು ಮುಟ್ಟಿ ನೋಡಿ ಹಾಕಬೇಕು.

ಮಳೆ ನಿಂತ ಮೇಲೆ ಬ್ಯಾಟರಿಯನ್ನು ಬರಿದಾಗಿ ಮೂಲೆಗಿಡದೆ, ತುಂಬಿಸಿ ಎತ್ತಿಟ್ಟು, ಎರಡು ತಿಂಗಳಿಗೊಮ್ಮೆ ಮತ್ತೆ ತುಂಬಿಸಿರಿ. ತುಳಸಿಯನ್ನೂ ಒಮ್ಮೆಲೇ ಬಿಸಿಲಿಗೆ ತರಬೇಡಿರಿ. ವಾರವೊಂದು ಬೆಳಗಿನ ಎಳೆಬಿಸಿಲಿನಲ್ಲಿರಲಿ.