ಮಣ್ಣು ಮುಚ್ಚಿದರೆ ವಿಕಿರಣ ಅಳಿಯದು

ಜಗಳೂರಿನ ನೆರೆಯ ಚಳ್ಳಕೆರೆ ತಾಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ ಭೂಮಿ ನೀಡಲಾಗಿದೆ. ಅಲ್ಲಿಗೆ ಉದ್ದೇಶಿಸಿರುವುದು ಯುರೇನಿಯಂ ಸಂವರ್ಧನಾ ಘಟಕ. ಅದು ಬಾಂಬ್ ಸಿಡಿಸುವ ತಾಣವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಆದರೆ ಒಂದು ಪ್ರಶ್ನೆ ಎರಡಕ್ಕೂ ಸಮಾನವಾದುದು. ಕೆಲಸ ಮುಗಿದ ಮೇಲೆ ಆ ನೆಲವನ್ನು ಶುದ್ಧೀಕರಿಸುವವರು ಯಾರು? ಈ ಪ್ರಶ್ನೆಯನ್ನು ತಡವಾಗಿ ಕೇಳಿದವರು ತೆತ್ತ ಬೆಲೆ ನಮಗೆ ಪಾಠವಾಗಬೇಕು.

ದಕ್ಷಿಣ ಆಸ್ಟ್ರೇಲಿಯದ ಮರಳಿಂಗದಲ್ಲಿ ಬ್ರಿಟನ್ 1956 ಮತ್ತು 1957ರಲ್ಲಿ ಏಳು ಅಣುಬಾಂಬ್‌ಗಳನ್ನು ಸಿಡಿಸಿತು. 1963ರ ವರೆಗೂ ನಡೆದ 'ಸಣ್ಣ' ಪ್ರಯೋಗಗಳು ಪ್ಲುಟೋನಿಯಂ ಅನ್ನು ಬಯಲಿಗೆ ಎರಚಿದವು. ಈ ಧಾತುವಿನ ಪ್ರಭಾವ ಅರ್ಧಕ್ಕಿಳಿಯಲು ಸುಮಾರು 24,000 ವರ್ಷಗಳು ಬೇಕು. 1967ರಲ್ಲಿ ಬ್ರಿಟನ್ ಮಾಡಿದ ಶುದ್ಧೀಕರಣವಾದರೂ ಎಂಥದು? ಕಲುಷಿತ ಮಣ್ಣನ್ನು ಉತ್ತು ಕೆಳಮಣ್ಣಿನೊಂದಿಗೆ ಬೆರೆಸಿತು, ಅವಶೇಷಗಳನ್ನು ಗುಂಡಿಗಳಲ್ಲಿ ಹೂತಿತು. ಮರುವರ್ಷವೇ ಆಸ್ಟ್ರೇಲಿಯ ಸರಕಾರವು ಬ್ರಿಟನ್ನನ್ನು ಹೊಣೆಯಿಂದ ಬಿಡುಗಡೆಗೊಳಿಸುವ ಒಪ್ಪಂದ ಮಾಡಿಕೊಂಡಿತು.

1984ರ ಸಮೀಕ್ಷೆಯು ನಿಜಸ್ಥಿತಿಯನ್ನು ಬಯಲಿಗೆಳೆಯಿತು. ಮೊದಲು ಹೇಳಿದ್ದಕ್ಕಿಂತ ಮಾಲಿನ್ಯ ಎಷ್ಟೋ ಹೆಚ್ಚಾಗಿತ್ತು. ಉತ್ತು ಬೆರೆಸಿದ್ದರಿಂದ ಅದನ್ನು ತೆಗೆಯುವ ಕೆಲಸ ಇನ್ನಷ್ಟು ಕಠಿಣವಾಗಿತ್ತು. ಎರಡನೆಯ ಸಲ ಯೋಜನೆ ರೂಪಿಸುವಾಗ ತಜ್ಞರು ಮಣ್ಣನ್ನು ಮಾತ್ರ ಅಳೆಯಲಿಲ್ಲ. ಅಲ್ಲಿನ ಮೂಲನಿವಾಸಿಗಳ ಬದುಕನ್ನೂ ಅಧ್ಯಯನ ಮಾಡಿದರು. ನೆಲದ ಮೇಲೆ ಮಲಗುವವರು, ಬಯಲಲ್ಲಿ ಬೆಂಕಿ ಹಚ್ಚಿ ಅಡುಗೆ ಮಾಡುವವರು, ಧೂಳಿನಲ್ಲೇ ಆಡುವ ಅವರ ಮಕ್ಕಳು ಎಷ್ಟು ವಿಕಿರಣಕ್ಕೆ ಒಡ್ಡಿಕೊಳ್ಳುತ್ತಾರೆ ಎಂಬುದರ ಆಧಾರದಲ್ಲಿ ಶುದ್ಧೀಕರಣದ ಮಿತಿಯನ್ನು ನಿಗದಿಪಡಿಸಲಾಯಿತು. ಮೇಲ್ಮಣ್ಣನ್ನು ಕೆರೆದು ಆಳವಾದ ಕಂದಕಗಳಲ್ಲಿ ಹೂಳಲಾಯಿತು. 2000ದಲ್ಲಿ ಮುಗಿದ ಈ ಕಾರ್ಯಕ್ಕೆ ತಗಲಿದ ವೆಚ್ಚ ಸುಮಾರು 10.8 ಕೋಟಿ ಆಸ್ಟ್ರೇಲಿಯನ್ ಡಾಲರ್. ಬ್ರಿಟನ್ ಕೊಟ್ಟದ್ದು 2 ಕೋಟಿ ಪೌಂಡ್. ಪರೀಕ್ಷಾ ವಲಯದ ಬಹುಭಾಗ ಅದರ ಒಡೆಯರಿಗೆ ಮರಳಿದ್ದು 2009ರಲ್ಲಿ. ಇಷ್ಟಾದರೂ ಕೆಲವು ಭಾಗಗಳಲ್ಲಿ ಶಾಶ್ವತ ವಾಸಕ್ಕೆ ಅನುಮತಿಯಿಲ್ಲ.

ಆಲ್ಜೀರಿಯಕ್ಕೆ ಅಷ್ಟೂ ದಕ್ಕಲಿಲ್ಲ. ಸಹಾರಾದ ರೆಗ್ಗಾನ್ ಮತ್ತು ಇನ್ ಎಕ್ಕರ್‌ನಲ್ಲಿ ಫ್ರಾನ್ಸ್ 1960ರಿಂದ 1966ರ ವರೆಗೆ 17 ಪರೀಕ್ಷೆಗಳನ್ನು ನಡೆಸಿತು. ಕಲುಷಿತ ಸಾಮಗ್ರಿಗಳನ್ನು ಮರಳಲ್ಲಿ ಹೂತು ಹೊರಟುಹೋಯಿತು. ಎಲ್ಲೆಲ್ಲಿ ಏನನ್ನು ಹೂಳಲಾಗಿದೆ ಎಂಬ ನಕ್ಷೆಗಾಗಿ ಆಲ್ಜೀರಿಯ ದಶಕಗಳಿಂದ ಒತ್ತಾಯಿಸುತ್ತಲೇ ಬಂದಿದೆ. ನಕ್ಷೆಯೇ ಇಲ್ಲದಿದ್ದರೆ ಯೋಜನೆ ಎಲ್ಲಿಂದ ಆರಂಭವಾಗಬೇಕು? ಮಾಲಿನ್ಯವನ್ನು ಬಿಟ್ಟುಹೋಗುವುದು ಒಂದು ಅಪರಾಧವಾದರೆ, ಅದರ ಲೆಕ್ಕವನ್ನು ಮುಚ್ಚಿಡುವುದು ಎರಡನೆಯ ಅಪರಾಧ.

ಈಗ ನಮ್ಮ ನೆಲಕ್ಕೆ ಬರೋಣ. ಚಳ್ಳಕೆರೆಯ ಕಾವಲುಗಳು ಖಾಲಿ ಬಿದ್ದ ಜಮೀನುಗಳಾಗಿರಲಿಲ್ಲ. ಸುತ್ತಲ ಹಳ್ಳಿಗಳ ದನಕುರಿಗಳಿಗೆ ಅವೇ ಮೇವಿನ ಆಸರೆಯಾಗಿದ್ದವು. ಗ್ರಾಮಸ್ಥರು ಪ್ರತಿಭಟಿಸಿದರು, 2013ರಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಚರ್ಚೆಯೆಲ್ಲ ಭೂಮಿ ಯಾರಿಗೆ ಸೇರಬೇಕು ಎಂಬುದರ ಸುತ್ತ ನಡೆಯಿತು. ಅದು ಮುಂದೊಂದು ದಿನ ಯಾವ ಸ್ಥಿತಿಯಲ್ಲಿ ಮರಳಬೇಕು ಎಂಬುದೂ ಅಷ್ಟೇ ಮುಖ್ಯ ಪ್ರಶ್ನೆ.

ಕತ್ತಲಗೆರೆಯ ರೈತನಿಗೂ ಗೊತ್ತು, ಬಿತ್ತುವ ಮೊದಲೇ ಮಣ್ಣು ಪರೀಕ್ಷೆಯಾಗಬೇಕು. ಹಾಗೆಯೇ ಅಣು ಘಟಕದ ಸುತ್ತಲಿನ ಮಣ್ಣು, ಕೊಳವೆಬಾವಿ ಮತ್ತು ಕೆರೆಗಳ ಇಂದಿನ ವಿಕಿರಣ ಪ್ರಮಾಣವನ್ನು ಅಳೆದು ಜನರ ಮುಂದಿಡಬೇಕು. ತ್ಯಾಜ್ಯ ಎಲ್ಲಿ ಸೇರುತ್ತದೆ, ಕೊನೆಗೆ ಶುದ್ಧೀಕರಣಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದು ಕನ್ನಡದಲ್ಲಿ, ಗ್ರಾಮಸಭೆಯಲ್ಲಿ ತಿಳಿಯಬೇಕು. ದೇಶದ ಭದ್ರತೆಯ ರಹಸ್ಯಗಳನ್ನು ಯಾರೂ ಕೇಳುತ್ತಿಲ್ಲ. ಕುಡಿಯುವ ನೀರಿನ ಲೆಕ್ಕ ರಹಸ್ಯವಾಗಲಾರದು.

ಈ ಪ್ರಶ್ನೆಯನ್ನೆತ್ತುವುದು ವಿಜ್ಞಾನದ ವಿರೋಧವೂ ಅಲ್ಲ, ದೇಶದ ವಿರೋಧವೂ ಅಲ್ಲ. ಮರಳಿಂಗದ ಜನರು ಉತ್ತರಕ್ಕಾಗಿ ಅರ್ಧ ಶತಮಾನ ಕಾದರು. ನಮ್ಮ ಮಕ್ಕಳು ಹಾಗೆ ಕಾಯಬೇಕಾಗಿ ಬಾರದಿರಲಿ.