ಸೋಲಾರ್ ಬೇಲಿ ಒಬ್ಬನ ಕೆಲಸ ಅಲ್ಲ

ನೆಟ್ಟಣದ ಸುತ್ತಮುತ್ತ ನಾಲ್ಕು ಜನ ಕೃಷಿಕರು ಸೇರಿದರೆ ಮಾತು ಅಡಿಕೆ ರೇಟಿನಿಂದ ಶುರುವಾಗಿ ಹಂದಿ, ಆನೆಗೆ ಬಂದು ನಿಲ್ತದೆ. 2023ರ ಫೆಬ್ರವರಿಯಲ್ಲಿ ನಮ್ಮ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಒಂದೇ ಬೆಳಿಗ್ಗೆ ಇಬ್ಬರನ್ನು ಆನೆ ಕೊಂದ ಮೇಲೆ ಸೋಲಾರ್ ಬೇಲಿಯ ಸುದ್ದಿ ಇನ್ನೂ ಹೆಚ್ಚಾಗಿದೆ. ಬೇಲಿ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಒಬ್ಬೊಬ್ಬರೇ ತಂತಿ ಎಳೆಯುವ ಈಗಿನ ಕ್ರಮ ಸಣ್ಣ ಹಿಡುವಳಿಯವರಿಗೆ ಹೇಳಿಸಿದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ನನ್ನದು ಗುಡ್ಡೆಯ ಖುಷ್ಕಿ ಜಾಗ. ಗೇರು, ಸ್ವಲ್ಪ ರಬ್ಬರು, ಎಡೆಯಲ್ಲಿ ಮರಗೆಣಸು. ಓದಿದ್ದು ಏಳನೇ ಕ್ಲಾಸು. ಈ ಲೆಕ್ಕಕ್ಕೆ ಅಷ್ಟು ಸಾಕು. ಚೌಕಾಕಾರದ ಒಂದು ಎಕ್ರೆಯ ಸುತ್ತಳತೆ ಸುಮಾರು 835 ಅಡಿ. ಹತ್ತು ಎಕ್ರೆ ಒಟ್ಟಿಗೆ ಇದ್ದರೆ ಸುತ್ತಳತೆ 2,640 ಅಡಿ. ಎಂದರೆ ಎಕ್ರೆಗೆ ಬರುವುದು 264 ಅಡಿ ಮಾತ್ರ, ಮೂರರಲ್ಲಿ ಒಂದು ಪಾಲೂ ಇಲ್ಲ. ಹತ್ತು ಮನೆಯವರು ಹತ್ತು ಮೆಷಿನ್, ಹತ್ತು ಬ್ಯಾಟರಿ ತರುವ ಬದಲು ಒಂದರಲ್ಲೇ ಮುಗಿಸಬಹುದು. ನಮ್ಮ ಜಾಗಗಳು ಚೌಕಾಕಾರ ಇಲ್ಲ, ಸೊಟ್ಟಪಟ್ಟ ಉಂಟು. ಸೊಟ್ಟ ಇದ್ದಷ್ಟೂ ಒಬ್ಬನಿಗೆ ಖರ್ಚು ಜಾಸ್ತಿ.

ಖರ್ಚಿಗಿಂತ ದೊಡ್ಡ ವಿಷಯ ಇನ್ನೊಂದುಂಟು. ಬೇಲಿ ಪ್ರಾಣಿಯ ಹಸಿವನ್ನು ತೆಗೆಯುವುದಿಲ್ಲ, ದಾರಿ ತಪ್ಪಿಸ್ತದೆ ಅಷ್ಟೆ. ಕೆಳಗಿನ ಮನೆಯವರು ಬೇಲಿ ಹಾಕಿದ ವರ್ಷ ಹಂದಿಗಳು ನನ್ನ ಮರಗೆಣಸಿಗೆ ಬಂದವು. ಅವರದ್ದು ತಪ್ಪು ಅಂತ ಹೇಳಲಾಗದು. ನಾನೂ ಹಾಕಿದರೆ ಅವು ಆಚೆಯವರಲ್ಲಿಗೆ ಹೋಗ್ತವೆ. ಕೊನೆಗೆ ಪೆಟ್ಟು ತಿನ್ನುವುದು ಬೇಲಿ ಹಾಕಲು ತಾಕತ್ತಿಲ್ಲದ ಅರ್ಧ ಎಕ್ರೆಯವನು. ಬೇರೆ ದಾರಿ ಕಾಣದೆ ಮನೆಯ ಕರೆಂಟನ್ನೇ ತಂತಿಗೆ ಕೊಡುವ ಯೋಚನೆಗೆ ಬೀಳುವವನೂ ಅವನೇ.

ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳಬೇಕು. ಮನೆಯ 230 ವೋಲ್ಟ್ ಕರೆಂಟು ನಿರಂತರ ಹರಿಯುವಂಥದ್ದು. ಮುಟ್ಟಿದವನ ಕೈಯ ಸ್ನಾಯು ಬಿಗಿದು ತಂತಿ ಬಿಡಲಿಕ್ಕೇ ಆಗುವುದಿಲ್ಲ. ರಾತ್ರಿ ಅಡ್ಡ ಬಂದ ನೆರೆಯವನೂ ಸಾಯಬಹುದು, ನಮ್ಮ ದನವೂ ಸಾಯಬಹುದು. ಕಾನೂನಿನಲ್ಲಿ ಅದು ಅಪರಾಧ. ಸೋಲಾರ್ ಮೆಷಿನ್ ಬೇರೆ ಜಾತಿ. 12 ವೋಲ್ಟಿನ ಬ್ಯಾಟರಿಯಿಂದ ಐದರಿಂದ ಹತ್ತು ಸಾವಿರ ವೋಲ್ಟ್ ಮಾಡಿದರೂ ಬಿಡುವುದು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು. ನಡುವಿನ ಬಿಡುವಿನಲ್ಲಿ ಪ್ರಾಣಿ ಹಿಂದೆ ಹಾರ್ತದೆ. ನ್ಯೂಝಿಲ್ಯಾಂಡಿನಲ್ಲಿ 1930ರ ದಶಕದಲ್ಲಿ ಬಿಲ್ ಗ್ಯಾಲಗರ್ ಎಂಬವರು ತಮ್ಮ ಕಾರಿಗೆ ಮೈ ತಿಕ್ಕುತ್ತಿದ್ದ ಕುದುರೆಯನ್ನು ದೂರ ಇಡಲು ಶಾಕಿನ ಉಪಾಯ ಮಾಡಿದರು, ಅಲ್ಲಿಂದ ಬೇಲಿ ಮೆಷಿನ್ ಬೆಳೆಯಿತು ಎಂಬ ಕತೆ ಉಂಟು. ಹೆದರಿಸಿ ಪಾಠ ಕಲಿಸುವುದು ಇದರ ಕೆಲಸ, ಕೊಲ್ಲುವುದಲ್ಲ.

ಮೆಷಿನ್ ಮಾರುವವರು ಮೆಷಿನ್ನಿನ ಗುಣ ಹೇಳ್ತಾರೆ. ಬೇಲಿ ಸೋಲುವುದು ಹೆಚ್ಚಾಗಿ ಮಣ್ಣಿನಲ್ಲಿ ಮತ್ತು ಬಳ್ಳಿಯಲ್ಲಿ. ತಂತಿಯಿಂದ ಹೊರಟ ಕರೆಂಟು ಪ್ರಾಣಿಯ ಮೈಯಿಂದ ನೆಲಕ್ಕಿಳಿದು ಅರ್ತ್ ಸರಳಿನ ಮೂಲಕ ಮೆಷಿನ್ನಿಗೆ ವಾಪಸು ಬಂದರೆ ಮಾತ್ರ ಶಾಕ್. ನಮ್ಮ ಮುರಕಲ್ಲಿನ ಗುಡ್ಡೆ ಮಾರ್ಚ್, ಏಪ್ರಿಲಿನಲ್ಲಿ ಒಣಗಿ ಕಾದ ಮೇಲೆ ಆ ದಾರಿ ಮುಚ್ಚಿದ ಹಾಗೆ. ಒಂದು ಸರಳು ಏನೇನೂ ಸಾಲದು. ಆರು ಅಡಿ ಉದ್ದದ ಜಿ.ಐ. ಸರಳು ಕನಿಷ್ಠ ಮೂರು, ಹತ್ತು ಹತ್ತು ಅಡಿ ದೂರದಲ್ಲಿ, ಬಚ್ಚಲು ನೀರು ಹೋಗುವಲ್ಲಿಯೋ ಕೆರೆ ಬದಿಯಲ್ಲಿಯೋ ಹಾಕಬೇಕು. ಮನೆ ಕರೆಂಟಿನ ಅರ್ತಿನಿಂದ 10 ಮೀಟರಾದರೂ ದೂರ ಇರಲಿ. ತೀರಾ ಒಣ ಗುಡ್ಡೆಯಲ್ಲಿ ಒಂದು ತಂತಿ ಬಿಟ್ಟು ಒಂದನ್ನು ಅರ್ತಿಗೆ ಕೊಟ್ಟರೆ, ಎರಡನ್ನೂ ಮುಟ್ಟಿದ ಹಂದಿಗೆ ನೆಲದ ಹಂಗಿಲ್ಲದೆ ಶಾಕ್ ಸಿಗ್ತದೆ.

ತಂತಿಯ ಎತ್ತರ ಪ್ರಾಣಿ ನೋಡಿ ಆಗಬೇಕು. ಕುದುರೆಗೆ ಸಪೂರ ತಂತಿ ಸರಿಯಾಗಿ ಕಾಣುವುದಿಲ್ಲವೆಂದು ಹೊರದೇಶದಲ್ಲಿ ಅಗಲ ಬಿಳಿ ಪಟ್ಟಿ ಕಟ್ಟುತ್ತಾರೆ. ಹಂದಿಗೆ ಕೆಸರು ಮೆತ್ತಿದ ಮೈಗಿಂತ ಹಸಿ ಮೂತಿಗೆ ತಾಗಬೇಕು. ಮೊದಲ ತಂತಿ ನೆಲದಿಂದ 8 ಇಂಚು, ಎರಡನೆಯದು 16ರಿಂದ 18. ಆನೆಗೆ ಇದು ಲೆಕ್ಕಕ್ಕಿಲ್ಲ. ದಂತಕ್ಕೆ ಶಾಕ್ ಹತ್ತುವುದಿಲ್ಲ, ಒಣ ಮರ ತಂದು ತಂತಿ ಮೇಲೆ ಹಾಕುವ ಬುದ್ಧಿಯೂ ಅದಕ್ಕುಂಟು. ಕೊಡಗಿನ ಕಡೆ ಎತ್ತರದಿಂದ ಇಳಿಬಿಡುವ ತೂಗು ಬೇಲಿ ಮಾಡಿದ್ದು ಇದಕ್ಕಾಗಿಯೇ. ಅಂಥದ್ದು ಕಾಡಿನ ಅಂಚಿನಲ್ಲಿ ಉದ್ದಕ್ಕೆ ಆಗಬೇಕು. ಒಬ್ಬನ ತೋಟಕ್ಕೆ ಸುತ್ತಿದರೆ ಆನೆ ರಸ್ತೆಗೆ ಬರ್ತದೆ.

ಇನ್ನು ಮಳೆಗಾಲ. 4,000 ಮಿ.ಮೀ. ಮೀರಿ ಮಳೆ ಬೀಳುವ ಈ ಊರಿನಲ್ಲಿ ಹದಿನೈದು ದಿನ ಬಿಟ್ಟರೆ ಬಳ್ಳಿ ತಂತಿಗೆ ಏರಿ ಕರೆಂಟು ಪೂರಾ ಮಣ್ಣಿಗೆ. ಸವರಲು ಆಳು ಎಲ್ಲಿ? ಇಲ್ಲಿಯೇ ಒಂಟಿ ಬೇಲಿ ಸೋಲುವುದು. ತೋಡಿಗೆ ಕಟ್ಟ ಕಟ್ಟುವಾಗ ಮನೆಗೊಬ್ಬರು ಬರುವ ಕ್ರಮ ನಮ್ಮಲ್ಲಿತ್ತು, ಕೆಲವು ಕಡೆ ಈಗಲೂ ಉಂಟು. ಬೇಲಿಗೂ ಅದೇ ಆಗಲಿ. ಬ್ಯಾಟರಿ ಒಂದು ಮನೆಯಲ್ಲಿ, ಸವರುವ ಸರದಿ ಎಲ್ಲರಿಗೆ. ಬೇಲಿಯ ತುದಿಯಲ್ಲಿ ವಾರಕ್ಕೊಮ್ಮೆ ವೋಲ್ಟ್ ಮೀಟರು ಹಿಡಿದು ಪುಸ್ತಕದಲ್ಲಿ ಬರೆಯುವುದು; 4,000 ವೋಲ್ಟಿಗಿಂತ ಇಳಿದರೆ ಅದೇ ದಿನ ಹುಡುಕುವುದು. ಜಾಗ ಕಡಿಮೆ ಇದ್ದವನು ಹಣದ ಬದಲು ಕೆಲಸ ಕೊಡಲಿ. ಅವನನ್ನು ಹೊರಗೆ ಬಿಟ್ಟರೆ ಬೇಲಿಗೆ ಅಲ್ಲೇ ತೂತು.

ಗೇಟು ತೆರೆದಿಟ್ಟವರು ಯಾರು, ಸರದಿ ತಪ್ಪಿಸಿದ್ದು ಯಾರು ಅಂತ ಜಗಳ ಬಾರದೆ ಇರುವುದಿಲ್ಲ. ಬರಲಿ. ಹಂದಿ ನುಗ್ಗಿದ ಮೇಲೆ ಮುಖ ನೋಡದೆ ಕೂರುವುದಕ್ಕಿಂತ ಅದು ಮೇಲು. ಸಹಾಯಧನ ಕೊಡುವವರೂ ಒಬ್ಬೊಬ್ಬರ ಅರ್ಜಿಗಿಂತ ಹತ್ತು ಮನೆಯ ಅರ್ಜಿಗೆ ಮೊದಲ ಸ್ಥಾನ ಕೊಡಬೇಕು. ಅರ್ತ್ ಸರಳು, ವೋಲ್ಟ್ ಮೀಟರು ಆ ಲೆಕ್ಕದೊಳಗೇ ಬರಬೇಕು. ಎಲ್ಲಾದರೂ ಇಂಥ ಗುಂಪಿನ ಬೇಲಿ ನಡೆಸಿದವರಿದ್ದರೆ ಖರ್ಚು, ಜಗಳ ಎರಡನ್ನೂ ಮುಚ್ಚಿಡದೆ ಈ ಪುಟಗಳಿಗೆ ಬರೆಯಲಿ.