ನಗರಸಭಾ ಸದಸ್ಯನ ಸೇವೆ ಯಾವುದು?

ಬೆಂಗಳೂರು ನಗರದ ಆಡಳಿತವನ್ನು 2025ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಐದು ನಗರಪಾಲಿಕೆಗಳಾಗಿ ವಿಂಗಡಿಸಲಾಯಿತು. ಆ ವರ್ಷವು ಮುಗಿಯುವುದರೊಳಗಾಗಿ 369 ವಾರ್ಡುಗಳ ಎಲ್ಲೆಗಳೂ ಗೊತ್ತಾದುವು. ವಾರ್ಡಿನ ಎಲ್ಲೆ ಗೊತ್ತಾದೊಡನೆ ಸೇವಾಕಾರ್ಯಗಳ ಸಂಭ್ರಮವು ಆರಂಭವಾಗುವುದು ನಮ್ಮ ನಗರಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಅದುವರೆಗೂ ಬೀದಿಯಲ್ಲಿ ಯಾರಿಗೂ ಕಾಣಿಸದಿದ್ದವರು ಹಬ್ಬದ ಶುಭಾಶಯದ ಫಲಕಗಳಲ್ಲಿ ಕೈಮುಗಿದು ನಿಲ್ಲುತ್ತಾರೆ. ಹೆಸರಿನ ಹಿಂದೆ ‘ಸಮಾಜಸೇವಕರು’ ಎಂಬ ಬಿರುದು ಸೇರುತ್ತದೆ. ಒಬ್ಬರು ಕಣ್ಣಿನ ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸುತ್ತಾರೆ, ಇನ್ನೊಬ್ಬರು ಮಕ್ಕಳಿಗೆ ನೋಟುಪುಸ್ತಕ ಹಂಚುತ್ತಾರೆ, ಮತ್ತೊಬ್ಬರು ತಾಯಂದಿರನ್ನು ಬಸ್ಸು ಮಾಡಿಸಿ ದೇವರ ದರ್ಶನಕ್ಕೆ ಕಳುಹಿಸುತ್ತಾರೆ.

ದಾನಧರ್ಮಗಳನ್ನು ಹಳಿಯತಕ್ಕವರು ನಾವಲ್ಲ. ಕಣ್ಣು ಮಂಜಾದ ಮುದುಕನಿಗೆ ಕನ್ನಡಕ ದೊರೆತರೆ, ಕೊಟ್ಟವನ ಉದ್ದೇಶವೇನೆಂದು ಆ ಮುದುಕನು ವಿಚಾರಿಸಬೇಕಾಗಿಲ್ಲ, ನಾವೂ ವಿಚಾರಿಸಬೇಕಾಗಿಲ್ಲ. ಆದರೆ ಕನ್ನಡಕ ಕೊಡುವುದಕ್ಕೆ ನಗರಸಭೆಯ ಆಸನವೇನೂ ಬೇಕಿಲ್ಲವಷ್ಟೆ. ಅದನ್ನು ಯಾವ ಧರ್ಮಿಷ್ಠನಾದ ವರ್ತಕನೂ ಮಾಡಬಹುದು, ಮಠದವರು ಮಾಡಬಹುದು, ಯುವಕಸಂಘದವರು ಮಾಡಬಹುದು. ಆಸನದಲ್ಲಿ ಕುಳಿತವನು ಮಾತ್ರ ಮಾಡಬಹುದಾದ ಕೆಲಸವೊಂದು ಬೇರೆಯೇ ಇದೆ. ಅದನ್ನು ಮರೆತು, ತನ್ನ ಕೈಯಿಂದ ನಾಲ್ಕು ಕಾಸು ಖರ್ಚುಮಾಡಿದವನೇ ಒಳ್ಳೆಯ ಸದಸ್ಯನೆಂದು ನಾವು ಎಣಿಸತೊಡಗಿದುದರಿಂದ ಪೌರಜನರಿಗೆ ಎಷ್ಟು ನಷ್ಟವಾಯಿತೆಂಬುದನ್ನು ಇಂದು ವಾಚಕರ ಮುಂದೆ ಇಡಬೇಕಾಗಿದೆ.

ಆ ಕೆಲಸವೆಂದರೆ ಕೇಳುವುದು. ಮೋರಿ ಕಟ್ಟಿಕೊಂಡಿದೆಯೆಂದು ಪೌರನೊಬ್ಬನು ಅರ್ಜಿ ಬರೆದರೆ, ‘ಪರಿಶೀಲಿಸಲಾಗುವುದು’ ಎಂಬ ಒಂದು ಪದವನ್ನು ಹೊತ್ತು ಆ ಅರ್ಜಿಯು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರಯಾಣಮಾಡುತ್ತಿರುತ್ತದೆ. ಅದೇ ಪ್ರಶ್ನೆಯನ್ನು ಚುನಾಯಿತ ಸದಸ್ಯನು ಸಭೆಯಲ್ಲಿ ಎದ್ದು ಕೇಳಿದರೆ ಅಧಿಕಾರಿಗಳು ಉತ್ತರ ಹೇಳಬೇಕು. ಆ ಉತ್ತರವು ನಡವಳಿಕೆಯ ಪುಸ್ತಕದಲ್ಲಿ ದಾಖಲಾಗಬೇಕು. ಮುಂದಿನ ತಿಂಗಳು ಅದೇ ಮೋರಿ ಹಾಗೆಯೇ ಇದ್ದರೆ ಆ ದಾಖಲೆಯನ್ನು ಹಿಡಿದು ಮತ್ತೆ ಕೇಳಬಹುದು. ಆಯವ್ಯಯದ ಅಂದಾಜನ್ನು ಒಪ್ಪುವ ಅಥವಾ ತಿದ್ದುವ ಅಧಿಕಾರ, ಸ್ಥಾಯಿಸಮಿತಿಯಲ್ಲಿ ಕುಳಿತು ಕಾಮಗಾರಿಗಳ ಲೆಕ್ಕವನ್ನು ನೋಡುವ ಅಧಿಕಾರ, ವಾರ್ಡು ಸಮಿತಿಯನ್ನು ಕೂಡಿಸಿ ಜನರ ಎದುರಿಗೆ ತಾನೇ ಉತ್ತರ ಹೇಳುವ ಹೊಣೆ, ಇವೆಲ್ಲವೂ ಸದಸ್ಯನಿಗೆ ಮತದ ಮೂಲಕ ಬಂದುವೇ ಹೊರತು ಅವನ ಹಣದ ಚೀಲದಿಂದ ಬಂದುವಲ್ಲ. ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ನಮ್ಮ ರಾಜ್ಯಾಂಗವೇ ವಿಧಿಸಿದೆ.

ಇದಕ್ಕೆ ದೃಷ್ಟಾಂತವನ್ನು ನಮ್ಮ ಸ್ವಾತಂತ್ರ್ಯ ಸಂಗ್ರಾಮದ ಚರಿತ್ರೆಯಿಂದಲೇ ತೆಗೆದುಕೊಳ್ಳಬಹುದು. ವಲ್ಲಭಭಾಯಿ ಪಟೇಲರು ಅಹಮದಾಬಾದಿನಲ್ಲಿ ಬ್ಯಾರಿಸ್ಟರಾಗಿ ಚೆನ್ನಾಗಿ ಸಂಪಾದಿಸುತ್ತಿದ್ದವರು. 1917ರಲ್ಲಿ ಅವರು ಆ ಊರಿನ ಮುನಿಸಿಪಾಲಿಟಿಗೆ ಸದಸ್ಯರಾಗಿ ಚುನಾಯಿತರಾದರು. ನೈರ್ಮಲ್ಯ ಸಮಿತಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಅದೇ ವರ್ಷ ಊರಿಗೆ ಪ್ಲೇಗು ಹೊಕ್ಕಿತು. ಗಾಂಧೀಜಿಯವರ ಆಶ್ರಮವು ಕೋಚರಬ್ ಗ್ರಾಮವನ್ನು ಬಿಟ್ಟು ಸಾಬರಮತಿಯ ದಡಕ್ಕೆ ಹೋದುದೂ ಆ ಪ್ಲೇಗಿನ ಕಾಲದಲ್ಲಿಯೇ. ಅನುಕೂಲವುಳ್ಳವರು ಊರು ಬಿಟ್ಟು ಹೋದರು, ಪಟೇಲರು ಹೋಗಲಿಲ್ಲ. ಸಮಿತಿಯ ಅಧ್ಯಕ್ಷನಾದವನು ಊರು ಬಿಟ್ಟರೆ ಜಾಡಮಾಲಿಗೆ ಬೀದಿಯಲ್ಲಿ ನಿಲ್ಲೆಂದು ಹೇಳುವ ಬಾಯಿ ಯಾರಿಗಿದ್ದೀತು? 1924ರಿಂದ 1928ರವರೆಗೆ ಅವರೇ ಆ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು. 1927ರ ಮಹಾಪ್ರವಾಹದ ಕಾಲದಲ್ಲಿ ಪರಿಹಾರಕಾರ್ಯದ ಭಾರವನ್ನು ಹೊತ್ತರು. ಆ ಅಧಿಕಾರವನ್ನು ಬಿಟ್ಟ ವರ್ಷವೇ ಬಾರ್ಡೋಲಿಯ ರೈತರ ನಾಯಕತ್ವ ಅವರಿಗೆ ಬಂದಿತು. ‘ಸರ್ದಾರ’ರೆಂದು ಜನರು ಕರೆದದ್ದು ಆಮೇಲೆ. ಚರಂಡಿ, ನೀರು, ಕಂದಾಯ ಇವುಗಳ ಕಾಗದಪತ್ರಗಳ ನಡುವೆ ಕಳೆದ ಹನ್ನೊಂದು ವರ್ಷಗಳು ಅವರ ದೇಶಸೇವೆಗೆ ಮುನ್ನುಡಿಯೆಂದು ಕೆಲವರು ಹೇಳುವುದುಂಟು. ನಮ್ಮ ಮತದಲ್ಲಿ ಅದೂ ದೇಶಸೇವೆಯೇ.

ಅವರೊಬ್ಬರೇ ಅಲ್ಲ. 1924ರಲ್ಲಿ ಚಿತ್ತರಂಜನ ದಾಸರು ಕಲ್ಕತ್ತೆಯ ಮೇಯರಾದಾಗ ಸುಭಾಷಚಂದ್ರ ಬೋಸರು ಆ ಕಾರ್ಪೊರೇಷನ್ನಿನ ಮುಖ್ಯ ಕಾರ್ಯನಿರ್ವಾಹಕರಾದರು. ಅದೇ ಕಾಲದಲ್ಲಿ ಜವಾಹರಲಾಲರು ಅಲಹಾಬಾದಿನಲ್ಲಿಯೂ ರಾಜೇಂದ್ರಪ್ರಸಾದರು ಪಾಟ್ನಾದಲ್ಲಿಯೂ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು.

ನಮ್ಮ ಬೆಂಗಳೂರಿನಲ್ಲಿಯೂ ಇಂಥ ಸಂಪ್ರದಾಯವಿಲ್ಲದಿಲ್ಲ. ಈ ಊರಿಗೆ ಮುನಿಸಿಪಲ್ ಬೋರ್ಡು ಬಂದುದು 1862ರಲ್ಲಿ: ಪೇಟೆಗೆ ಒಂದು, ದಂಡಿಗೆ ಒಂದು. ಅಂದು ಅವು ಸರ್ಕಾರದ ಅಧಿಕಾರಿಗಳ ಕೈಯಲ್ಲಿದ್ದ ಬೋರ್ಡುಗಳು. ಅಧಿಕಾರಿಯಲ್ಲದವರಲ್ಲಿ ಮೊದಲು ಪೇಟೆಯ ಮುನಿಸಿಪಾಲಿಟಿಯ ಅಧ್ಯಕ್ಷಪೀಠದಲ್ಲಿ ಕುಳಿತವರು ಕೆ. ಪಿ. ಪುಟ್ಟಣ್ಣ ಚೆಟ್ಟಿಯವರು, 1913ರಿಂದ 1920ರವರೆಗೆ ಅವರು ಆ ಸ್ಥಾನದಲ್ಲಿದ್ದರು. 1918ರ ಇನ್‌ಫ್ಲುಯೆಂಜಾ ಜ್ವರವು ಈ ಊರಿನ ಮನೆಮನೆಗೆ ನುಗ್ಗಿದುದು ಅವರ ಕಾಲದಲ್ಲಿಯೇ. ಅವರು ದಾನಿಗಳೂ ಹೌದು. 1935ರಲ್ಲಿ ತೆರೆದ ಪುರಭವನಕ್ಕೆ ಅವರ ಹೆಸರಿದೆ. ಇಂದು ಆ ಭವನದ ಮೆಟ್ಟಿಲುಗಳ ಮುಂದೆ ವಾಹನಗಳ ನಡುವೆ ಸಿಕ್ಕಿಕೊಂಡು ನಿಲ್ಲುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಕಾರಣವು ಗೊತ್ತೋ ಕಾಣೆವು. ಪೇಟೆ ಮತ್ತು ದಂಡುಗಳೆರಡೂ ಕೂಡಿ ಒಂದೇ ಕಾರ್ಪೊರೇಷನ್ ಆದುದು 1949ರಲ್ಲಿ, ದೇಶವು ಸ್ವತಂತ್ರವಾದ ಮೇಲೆ.

ಇಂಥ ಊರಿನಲ್ಲಿ ಚುನಾಯಿತ ಸಭೆಯು ಇಲ್ಲದೆಯೇ ವರ್ಷಗಟ್ಟಲೆ ಆಡಳಿತ ನಡೆಯಿತೆಂಬುದು ಸಣ್ಣ ಮಾತಲ್ಲ. 2006ರ ನವೆಂಬರಿನಲ್ಲಿ ಒಂದು ಸಭೆಯ ಅವಧಿಯು ಮುಗಿಯಿತು. ಮುಂದಿನ ಚುನಾವಣೆಯು 2010ರ ಮಾರ್ಚಿಯಲ್ಲಿ. ನಡುವೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಮಹಾನಗರಪಾಲಿಕೆಯನ್ನು ಮಾಡಲಾಯಿತು. ಕೂಡಿಕೆಗೆ ಒಳಪಟ್ಟ ಜನರ ಪರವಾಗಿ ಮಾತನಾಡಲು ಆಗ ಪಾಲಿಕೆಯಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. 2015ರ ಏಪ್ರಿಲಿನಲ್ಲಿ ಸಭೆಯನ್ನು ಬರಖಾಸ್ತು ಮಾಡಿದರು, ಆಗಸ್ಟಿನಲ್ಲಿ ಚುನಾವಣೆಯಾಯಿತು. ಆ ಸಭೆಯ ಅವಧಿಯು 2020ರ ಸೆಪ್ಟೆಂಬರ್ 10ರಂದು ತೀರಿತು. 2025ನೆಯ ಇಸವಿಯು ಕಳೆದರೂ ಮುಂದಿನ ಚುನಾವಣೆ ನಡೆದಿರಲಿಲ್ಲ. ಒಂದು ಸಭೆಯ ಪೂರ್ಣ ಆಯುಸ್ಸಿಗಿಂತಲೂ ದೀರ್ಘವಾಯಿತು ಸಭೆಯಿಲ್ಲದ ಕಾಲ!

ಕಾರಣಗಳಿಗೇನೂ ಕೊರತೆಯಿರಲಿಲ್ಲ. 198 ವಾರ್ಡುಗಳಿಗೆ ಚುನಾವಣೆ ನಡೆಸಬೇಕೆಂದು 2020ರ ಡಿಸೆಂಬರಿನಲ್ಲಿ ಹೈಕೋರ್ಟು ಆಜ್ಞೆ ಮಾಡಿತು. ಸರ್ಕಾರದವರು ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂದರು. ಅನಂತರ ವಾರ್ಡುಗಳು 243 ಆದುವು. ಮೀಸಲಾತಿಯ ವಿಷಯದಲ್ಲಿ ವ್ಯಾಜ್ಯವೆದ್ದಿತು. 2023ರಲ್ಲಿ 243 ಹೋಗಿ 225 ಆಯಿತು. ಆಮೇಲೆ ಪಾಲಿಕೆಯೇ ಒಂದಿದ್ದದ್ದು ಐದಾಗಿ 369 ವಾರ್ಡುಗಳಾದುವು. ನಡುವೆ ರಾಜ್ಯದಲ್ಲಿ ಸರ್ಕಾರಗಳೂ ಬದಲಾದುವು. ಒಂದು ಪಕ್ಷವು ಅಧಿಕಾರದಲ್ಲಿದ್ದಾಗ ಇನ್ನೊಂದು ಪಕ್ಷವು ಚುನಾವಣೆ ಎಲ್ಲಿ ಎಂದು ಕೂಗಿತು, ಪಾತ್ರಗಳು ಅದಲುಬದಲಾದ ಮೇಲೆ ಕೂಗೂ ಅದಲುಬದಲಾಯಿತು. ಶಾಸಕರಾದವರಿಗೆ ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಪ್ರಜಾಪ್ರತಿನಿಧಿಯು ಇಲ್ಲದಿರುವುದು ಅನನುಕೂಲವೇನೂ ಅಲ್ಲವೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ರಾಜ್ಯಾಂಗದ ಮಾತು ಮಾತ್ರ ಬಹಳ ಸ್ಪಷ್ಟವಾಗಿದೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ತಿದ್ದುಪಡಿಯ ಪ್ರಕಾರ ಪೌರಸಭೆಯ ಅವಧಿಯು ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿಯು ತೀರುವ ಮೊದಲೇ ಮುಂದಿನ ಚುನಾವಣೆಯು ಮುಗಿದಿರತಕ್ಕದ್ದು. ಅಹಮದಾಬಾದಿನ ನಗರಪಾಲಿಕೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು 2006ರಲ್ಲಿ ಇದನ್ನು ಎತ್ತಿಹಿಡಿದರು. ಮನೆಯ ಕಂದಾಯವನ್ನು ಕಟ್ಟುವುದಕ್ಕೆ ಪೌರನು ಒಂದು ತಿಂಗಳು ತಡಮಾಡಿದರೆ ಬಡ್ಡಿ ಬೀಳುತ್ತದೆ. ಚುನಾವಣೆಯನ್ನು ಐದು ವರ್ಷ ತಡಮಾಡಿದ್ದಕ್ಕೆ ಯಾರ ಮೇಲೆ ಯಾವ ಬಡ್ಡಿ ಬಿದ್ದಿತು?

ಈ ಐದು ವರ್ಷಗಳಲ್ಲಿ ಊರು ಸುಮ್ಮನೆ ಕುಳಿತಿತ್ತೆಂದಲ್ಲ. 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೋವಿಡ್ಡಿನ ಎರಡನೆಯ ಅಲೆಯು ಬಂದಿತು. ಆಸ್ಪತ್ರೆಯಲ್ಲಿ ಹಾಸಿಗೆಗಾಗಿ, ಪ್ರಾಣವಾಯುವಿಗಾಗಿ ಜನರು ಬೀದಿಬೀದಿ ಅಲೆದರು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಣ ಬಡಾವಣೆಗಳು ಮಳೆಯ ನೀರಿನಲ್ಲಿ ಮುಳುಗಿ, ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. 2024ರ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ನೀರಿಗಾಗಿ ಜಗಳಗಳಾದುವು. ಈ ಮೂರು ಕಷ್ಟಗಳ ಕಾಲದಲ್ಲಿಯೂ, ನಮ್ಮ ಬೀದಿಗೆ ಏಕೆ ಬರಲಿಲ್ಲವೆಂದು ಗದರಿಸುವುದಕ್ಕೆ ಪೌರನಿಗೆ ತನ್ನವನಾದ ಒಬ್ಬ ಅಧಿಕಾರಸ್ಥ ಸದಸ್ಯನಿರಲಿಲ್ಲ. ಅವಧಿ ಮುಗಿದ ಮಾಜಿ ಸದಸ್ಯರಲ್ಲಿ ಕೆಲವರು ತಾವಾಗಿ ಓಡಾಡಿದರು, ಊಟ ಹಂಚಿದರು. ಅದು ಅವರ ಸೌಜನ್ಯ. ಕೇಳಿ ಪಡೆಯುವ ಹಕ್ಕು ಪೌರನಿಗಿರಲಿಲ್ಲ. 2021ರಿಂದ ಆಯವ್ಯಯಗಳನ್ನು ಅಧಿಕಾರಿಗಳೇ ಬರೆದರು, ಅಧಿಕಾರಿಗಳೇ ಮಂಡಿಸಿದರು, ಅಧಿಕಾರಿಗಳೇ ಒಪ್ಪಿದರು. ಕೋಟಿಗಟ್ಟಲೆ ಕಂದಾಯವನ್ನು ಕೊಟ್ಟವರು ಪತ್ರಿಕೆಗಳಲ್ಲಿ ಅದರ ವರದಿಯನ್ನು ಓದಿ ತಿಳಿದುಕೊಂಡರು.

ಅಧಿಕಾರಿವರ್ಗದ ಮೇಲೆ ದೋಷಾರೋಪಣೆ ಮಾಡುವುದು ನಮ್ಮ ಉದ್ದೇಶವಲ್ಲ. ಅವರಲ್ಲಿ ದಕ್ಷರೂ ನಿಷ್ಠಾವಂತರೂ ಇರುವುದನ್ನು ಬಲ್ಲೆವು. ನಮ್ಮ ವಾಚಕರಲ್ಲಿಯೇ ಅಂಥವರು ಅನೇಕರಿದ್ದಾರೆ. ಆದರೆ ಆಡಳಿತಾಧಿಕಾರಿಯು ಎಷ್ಟು ಸಮರ್ಥನಾದರೂ ಅವನು ನೋಡುವುದು ತನ್ನನ್ನು ಕಳುಹಿಸಿದವರ ಕಡೆಗೆ. ನಾಳೆ ವರ್ಗವಾದರೆ ಮೋರಿಯ ಹೊಣೆಯು ಅವನೊಡನೆ ಹೋಗುವುದಿಲ್ಲ. ಸದಸ್ಯನು ಅಷ್ಟೊಂದು ಸಮರ್ಥನಲ್ಲದಿರಬಹುದು, ಇಂಗ್ಲಿಷಿನ ಕಡತವನ್ನು ಓದಲು ತಡವರಿಸಬಹುದು. ಆದರೂ ಅವನು ಸಂಜೆ ಮನೆಗೆ ಹೋಗುವುದು ಅದೇ ಮೋರಿಯನ್ನು ದಾಟಿಕೊಂಡು.

ಸದಸ್ಯನನ್ನು ದಾನಿಯನ್ನಾಗಿ ಮಾಡಿದುದರಲ್ಲಿ ಸರ್ಕಾರದ ಪಾಲು ಎಷ್ಟೆಂಬುದನ್ನೂ ಹೇಳಬೇಕು. 1964ರಲ್ಲಿ ನೀರು ಮತ್ತು ಒಳಚರಂಡಿಗಳನ್ನು ಕಾರ್ಪೊರೇಷನ್ನಿನಿಂದ ತೆಗೆದು ಪ್ರತ್ಯೇಕ ಮಂಡಲಿಗೆ ಕೊಟ್ಟರು. 1976ರಲ್ಲಿ ನಗರಯೋಜನೆಗೂ ಬಡಾವಣೆಗಳ ನಿರ್ಮಾಣಕ್ಕೂ ಅಭಿವೃದ್ಧಿ ಪ್ರಾಧಿಕಾರವು ಬಂದಿತು. ನಗರಯೋಜನೆಯೂ ನೀರಿನ ಸರಬರಾಜೂ ಪೌರಸಭೆಗಳ ಕೆಲಸಗಳೆಂದು ರಾಜ್ಯಾಂಗದ 12ನೆಯ ಅನುಸೂಚಿಯಲ್ಲಿ ಹದಿನೆಂಟು ಬಾಬುಗಳ ಪಟ್ಟಿಯೇ ಇದೆ. ಪಟ್ಟಿಯು ಪುಸ್ತಕದಲ್ಲಿ ಉಳಿಯಿತು, ಅಧಿಕಾರವು ಮಂಡಲಿಗಳಲ್ಲಿ ಉಳಿಯಿತು. 1976ರ ಕಾಯಿದೆಯ ಪ್ರಕಾರ ಮೇಯರಾದರೋ ವರ್ಷಕ್ಕೊಬ್ಬರು. ಸರಪಣಿ ಕೊರಳಿಗೆ ಬಿದ್ದು ಕಚೇರಿಯ ಬಾಗಿಲುಗಳು ಗುರುತಾಗುವಷ್ಟರಲ್ಲಿ ಇಳಿಯುವ ದಿನ ಬರುತ್ತಿತ್ತು. ನಲ್ಲಿಯಲ್ಲಿ ನೀರು ಬಾರದಿದ್ದರೆ ಜನರು ಸದಸ್ಯನ ಬಾಗಿಲನ್ನೇ ತಟ್ಟುತ್ತಿದ್ದರು. ಅವನ ಕೈಯಲ್ಲಿ ನೀರಿನ ಬೀಗದ ಕೈ ಇರಲಿಲ್ಲ. ಅಧಿಕಾರವಿಲ್ಲದವನು ತನ್ನ ಹಣದಿಂದ ಒಂದು ಟ್ಯಾಂಕರು ತರಿಸಿಕೊಟ್ಟು ಮಾನ ಉಳಿಸಿಕೊಳ್ಳದೆ ಏನು ಮಾಡಿಯಾನು? ಆ ಟ್ಯಾಂಕರಿನ ಹಣವನ್ನು ಅವನು ಯಾವ ಕಾಮಗಾರಿಯಿಂದ ತುಂಬಿಕೊಳ್ಳುತ್ತಾನೆಂದು ಆಮೇಲೆ ಕೇಳಿದವರೆಷ್ಟು ಮಂದಿ?

ಮಹಾಜನಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. 2015ರ ಚುನಾವಣೆಯಲ್ಲಿ ಬೆಂಗಳೂರಿನ ಮತದಾರರಲ್ಲಿ ಅರ್ಧದಷ್ಟು ಮಂದಿಯೂ ಮತಗಟ್ಟೆಗೆ ಹೋಗಲಿಲ್ಲ. ಆ ದಿನ ಮನೆಯಲ್ಲಿ ಕುಳಿತವರಲ್ಲಿ ಬಡವರಿಗಿಂತ ಓದುಬರಹ ಬಲ್ಲವರೇ ಹೆಚ್ಚೆಂಬುದು ನಮ್ಮ ಅನುಮಾನ. ವಿಧಾನಸಭೆಗೂ ಲೋಕಸಭೆಗೂ ಯಾರು ನಿಂತರೆಂದು ದಿನವೆಲ್ಲಾ ಚರ್ಚೆಮಾಡುವ ಗೃಹಸ್ಥನಿಗೆ ತನ್ನ ವಾರ್ಡಿನ ಸಂಖ್ಯೆಯು ಗೊತ್ತಿರುವುದಿಲ್ಲ.

ಆದಕಾರಣ ಮತವನ್ನು ಕೇಳಿಕೊಂಡು ಬಂದವರಿಗೆ ಪೌರರು ಹಾಕಬೇಕಾದ ಪ್ರಶ್ನೆಗಳು ಬೇರೆ. ಹಿಂದೆ ಸದಸ್ಯರಾಗಿದ್ದವರಾದರೆ, ಎಷ್ಟು ಸಭೆಗಳಿಗೆ ಹೋದಿರಿ, ಯಾವ ಪ್ರಶ್ನೆ ಕೇಳಿದಿರಿ, ವಾರ್ಡು ಸಮಿತಿಯನ್ನು ಎಷ್ಟು ತಿಂಗಳು ಕೂಡಿಸಿದಿರಿ ಎಂದು ಕೇಳಲಿ. ಹೊಸಬರಾದರೆ, ಈ ವಾರ್ಡಿನ ಶಾಲೆಗಳೆಷ್ಟು, ಮಳೆಯ ನೀರು ಯಾವ ರಾಜಕಾಲುವೆಯನ್ನು ಸೇರುತ್ತದೆ, ಕಸದ ಗಾಡಿಯು ಯಾವ ಬೀದಿಗೆ ಬರುವುದಿಲ್ಲ ಎಂದು ಕೇಳಲಿ. ಉತ್ತರವು ತಿಳಿಯದವನು ಕೊಡುವ ನೋಟುಪುಸ್ತಕವನ್ನು ಮಕ್ಕಳು ತೆಗೆದುಕೊಳ್ಳಲಿ, ಅಡ್ಡಿಯಿಲ್ಲ.

ಸರ್ಕಾರದವರಲ್ಲಿ ನಮ್ಮದೊಂದು ಬಿನ್ನಹ. 2020ರ ಸೆಪ್ಟೆಂಬರಿನಿಂದ ಸಭೆಯಿಲ್ಲದ ಕಾಲದಲ್ಲಿ ಪ್ರತಿಯೊಂದು ವಾರ್ಡಿನಲ್ಲಿ ಆದ ಖರ್ಚೆಷ್ಟು, ಯಾವ ಕಾಮಗಾರಿಗೆ ಎಷ್ಟು ಹಣ ಪಾವತಿಯಾಯಿತು, ಮುಗಿದುದು ಯಾವುದು, ಅರ್ಧದಲ್ಲಿ ನಿಂತುದು ಯಾವುದು ಎಂಬ ಲೆಕ್ಕವನ್ನು ವಾರ್ಡುವಾರಾಗಿ, ಕನ್ನಡದಲ್ಲಿ ಅಚ್ಚುಹಾಕಿಸಿ ಐದು ಪಾಲಿಕೆಗಳ ಚುನಾಯಿತ ಸದಸ್ಯರ ಮುಂದೆ ಇಡತಕ್ಕದ್ದು. ಹಳೆಯ ವಾರ್ಡಿನ ಎಲ್ಲೆ ಬೇರೆ, ಹೊಸ ವಾರ್ಡಿನ ಎಲ್ಲೆ ಬೇರೆಯೆಂಬ ಸಬೂಬನ್ನು ಹೇಳಲು ಅವಕಾಶವಿಲ್ಲ. ಎಲ್ಲೆಗಳು ಬದಲಾದರೂ ಬೀದಿಗಳು ಇದ್ದಲ್ಲಿಯೇ ಇವೆ. ಅದರ ಒಂದೊಂದು ಪ್ರತಿಯನ್ನು ಪ್ರತಿ ವಾರ್ಡಿನ ಕಚೇರಿಯ ಬಾಗಿಲಿನಲ್ಲಿ, ಬಂದವರ ಕೈಗೆ ಸಿಕ್ಕುವಂತೆ, ತೂಗುಹಾಕಿಸಲಿ.